ಸಿಫ್ನೋಸ್

ಏಜಿಯನ್ ಸಮುದ್ರದಲ್ಲಿ, ಸೈಕ್ಲಡೀಸ್ ದ್ವೀಪಸಮೂಹದ ಪಶ್ಚಿಮದಲ್ಲಿರುವ ಗ್ರೀಸಿನ ಸಣ್ಣ ದ್ವೀಪ. ವಿಸ್ತೀರ್ಣ ಸುಮಾರು 74 ಚದರ ಕಿ.ಮೀ.; ಜನಸಂಖ್ಯೆ ಮೂರು ಸಾವಿರದೊಳಗೆ. ವಿಮಾನ ನಿಲ್ದಾಣವಿಲ್ಲ. ಅಥೆನ್ಸ್ ಬಳಿಯ ಪಿರೇಯಸ್‌ನಿಂದ ಹೊರಟ ಹಡಗು ಕಮಾರೆಸ್ ಬಂದರಿಗೆ ಬರುತ್ತದೆ. ಅಲ್ಲಿಂದ ಕಾಣುವುದು ಬೋಳು ಗುಡ್ಡಗಳು ಮಾತ್ರ. ಆಡಳಿತ ಕೇಂದ್ರ ಅಪೊಲ್ಲೋನಿಯಾ ಮತ್ತು ಅದಕ್ಕೆ ಅಂಟಿಕೊಂಡಂತಿರುವ ಬಿಳಿ ಊರುಗಳು ಗುಡ್ಡದ ಆಚೆ, ಪೂರ್ವದ ಇಳಿಜಾರಿನಲ್ಲಿವೆ.

ದ್ವೀಪವನ್ನು ನಡೆದೇ ನೋಡಬೇಕು. ಗುರುತು ಹಾಕಿದ ಕಾಲುದಾರಿಗಳ ಒಟ್ಟು ಉದ್ದ ಸುಮಾರು 100 ಕಿ.ಮೀ. ಇವು ಪ್ರವಾಸಿಗರಿಗೆಂದು ಹೊಸದಾಗಿ ಕಡಿದವಲ್ಲ; ಮೋಟಾರು ರಸ್ತೆ ಬರುವ ಮುಂಚೆ ಹೇಸರಗತ್ತೆಗಳು ಹೊರೆ ಹೊತ್ತು ಹೊಲ, ಊರು, ಚರ್ಚುಗಳ ನಡುವೆ ಓಡಾಡುತ್ತಿದ್ದ ಹಾದಿಗಳು. ಎರಡೂ ಬದಿಗೆ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ಊರೊಳಗೆ ಹಾಸುಗಲ್ಲುಗಳ ಸಂದಿಗೆ ಸುಣ್ಣ ಬಳಿದಿರುತ್ತಾರೆ.

ಅಪೊಲ್ಲೋನಿಯಾದಿಂದ ಮುಕ್ಕಾಲು ಗಂಟೆ ನಡೆದರೆ ಕಡಲ ಮೇಲಿನ ಬಂಡೆಯಲ್ಲಿ ಹಳೆಯ ರಾಜಧಾನಿ ಕಾಸ್ತ್ರೋ. ಒಂದೇ ಸ್ಥಳ ನೋಡಲು ಪುರುಸೊತ್ತಿದ್ದರೆ ಇದನ್ನೇ ನೋಡಬೇಕು. ಇದಕ್ಕೆ ಬೇರೆ ಕೋಟೆ ಬೇಕಾಗಲಿಲ್ಲ. ಹೊರಸಾಲಿನ ಮನೆಗಳೇ ಗೋಡೆಗೆ ಗೋಡೆ ತಾಗಿ ನಿಂತು ಕೋಟೆಯಾಗಿವೆ. ಸುರಂಗದಂಥ ಬಾಗಿಲುಗಳಲ್ಲಿ ನುಸುಳಿ ಒಳಹೊಕ್ಕರೆ ಓಣಿಯಲ್ಲೇ ಪ್ರಾಚೀನ ಕಾಲದ ಅಮೃತಶಿಲೆಯ ಶವಪೆಟ್ಟಿಗೆಗಳು. ಕೆಳಗೆ, ಅಲೆ ಬಡಿಯುವ ಬಂಡೆಯ ಮೇಲೆ ಸಪ್ತಹುತಾತ್ಮರ ಪುಟ್ಟ ಚರ್ಚಿದೆ.

ಪ್ರಾಚೀನ ಸಿಫ್ನೋಸ್ ಚಿನ್ನ, ಬೆಳ್ಳಿಯ ಗಣಿಗಳಿಂದ ಮೆರೆಯಿತು. ದ್ವೀಪವಾಸಿಗಳಲ್ಲೆಲ್ಲ ಇಲ್ಲಿನವರೇ ಅತಿ ಶ್ರೀಮಂತರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಕ್ರಿ.ಪೂ. 525ರ ಸುಮಾರಿಗೆ ಇವರು ಪುಣ್ಯಕ್ಷೇತ್ರವಾದ ಡೆಲ್ಫಿಯಲ್ಲಿ ಕಟ್ಟಿಸಿದ ಭಂಡಾರಗೃಹದ ಉಬ್ಬುಶಿಲ್ಪಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ. ಡೆಲ್ಫಿಯ ದೇವರಿಗೆ ಸಲ್ಲಬೇಕಾದ ಪಾಲನ್ನು ನಿಲ್ಲಿಸಿದ್ದಕ್ಕೆ ಸಮುದ್ರ ನುಗ್ಗಿ ಗಣಿಗಳನ್ನು ಮುಳುಗಿಸಿತೆಂದು ಪ್ರಾಚೀನ ಪ್ರವಾಸಿ ಲೇಖಕ ಪೌಸೇನಿಯಸ್ ಹೇಳುವ ಕಥೆ.

ಚಿನ್ನ ಹೋದರೂ ಜೇಡಿಮಣ್ಣು ಉಳಿಯಿತು. ಕುಂಬಾರರು ಕಡಲತೀರದಲ್ಲೇ ಆವಿಗೆ ಹೂಡುತ್ತಿದ್ದರು. ಗಡಿಗೆಗಳನ್ನು ದೋಣಿಗೆ ತುಂಬುವುದು ಸುಲಭ. ಮನೆಗಳ ಹೊಗೆಗೂಡಿನ ತುದಿಗೂ ಮಡಕೆಯದೇ ಟೊಪ್ಪಿಗೆ. ಭಾನುವಾರದ ಊಟ ರೆವಿಥಾದಾಗೂ ಮಣ್ಣಿನ ಪಾತ್ರೆಯೇ ಬೇಕು: ನೆನೆಸಿದ ಕಾಬೂಲಿ ಕಡಲೆ, ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಮುಚ್ಚಿ, ಶನಿವಾರ ರಾತ್ರಿ ಸೌದೆ ಒಲೆಯೊಳಗೆ ಇಡುತ್ತಾರೆ. ಮರುದಿನ ಚರ್ಚಿನಿಂದ ಬರುವ ಹೊತ್ತಿಗೆ ಕಡಲೆ ಬೆಣ್ಣೆಯಂತೆ ಬೆಂದಿರುತ್ತದೆ. ಮಸಾಲೆಗೆ ಒಗ್ಗಿದ ನಾಲಿಗೆಗೆ ಇದು ಸಪ್ಪೆ ಎನಿಸಬಹುದು.

ದಕ್ಷಿಣದಲ್ಲಿ, ಸೀಳಿ ನಿಂತ ಬಂಡೆಯ ಮೇಲೆ ಕ್ರಿಸೊಪಿಘಿ ಮಠವಿದೆ. ಕಿರುಸೇತುವೆ ದಾಟಿ ಹೋಗಬೇಕು. ಪ್ರಾಫಿಟಿಸ್ ಇಲಿಯಾಸ್ ಶಿಖರ (ಸುಮಾರು 680 ಮೀ.) ಹತ್ತಲು ಅಪೊಲ್ಲೋನಿಯಾಕ್ಕೆ ಅಂಟಿದ ಕಟವಾಟಿ ಊರಿನಿಂದ ಎರಡು ಗಂಟೆಯಾದರೂ ಬೇಕು, ದಾರಿಯಲ್ಲಿ ನೆರಳಿಲ್ಲ, ನೀರು ಒಯ್ಯಲೇಬೇಕು. ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಎಂಬ ಬಡಗಣ ಗಾಳಿ ಜೋರಾಗಿ ಹಡಗುಗಳೂ ತಡವಾಗುವುದುಂಟು. ನಡೆಯುವವರಿಗೆ ಕಾಡುಹೂಗಳು ಅರಳುವ ಏಪ್ರಿಲ್, ಮೇ ತಿಂಗಳುಗಳೇ ಹಿತ.