ಕಣ್ಣೆದುರು ಇಲ್ಲದ ತಂಡವನ್ನು ನಡೆಸುವುದು

ಮನೆಯಲ್ಲೇ ಕೂತು ಆಫೀಸಿನ ಕೆಲಸ ಮಾಡುವುದಕ್ಕೆ ರಿಮೋಟ್ ವರ್ಕ್ ಎಂದೂ, ವಾರದಲ್ಲಿ ಕೆಲವು ದಿನ ಆಫೀಸು, ಉಳಿದ ದಿನ ಮನೆ ಎಂದಾದರೆ ಹೈಬ್ರಿಡ್ ಎಂದೂ ಹೆಸರು. 2020ರ ಮಾರ್ಚ್ ತಿಂಗಳ ಲಾಕ್‌ಡೌನ್‌ನಲ್ಲಿ ಬೇರೆ ದಾರಿಯಿಲ್ಲದೆ ಇದು ಎಲ್ಲೆಡೆ ಹರಡಿತು. ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಬಿಪಿಒ ಮತ್ತು ಐಟಿ ಸೇವೆಯ ಕಂಪನಿಗಳ ಮೇಲಿದ್ದ ನಿಯಮಗಳನ್ನು ಸಡಿಲಿಸಿತು. ಈಚೆಗೆ ಹಲವು ಕಂಪನಿಗಳು ಜನರನ್ನು ವಾಪಸು ಕರೆದಿವೆ. ಆದರೂ ವಾರಕ್ಕೆ ಎರಡು ಮೂರು ದಿನ ಮನೆ ಎಂಬ ಏರ್ಪಾಡು ಅನೇಕ ಕಡೆ ಉಳಿದಿದೆ. ನಮ್ಮ ಸಮಾಜದ ಮನೆಗಳಲ್ಲೂ ಮಗ, ಮಗಳು, ಸೊಸೆ ಹೀಗೆ ದುಡಿಯುತ್ತಿದ್ದಾರೆ. ಕೆಲವರು ಇಂಥ ತಂಡಗಳಿಗೆ ಮುಖ್ಯಸ್ಥರೂ ಆಗಿದ್ದಾರೆ.

ವ್ಯಾಪಾರದ ಮನೆತನಗಳಿಗೆ ಇದು ಪೂರ್ತಿ ಹೊಸದೇನಲ್ಲ. ಬೇರೆ ಊರಿನಲ್ಲಿ ಗುಮಾಸ್ತನನ್ನಿಟ್ಟು ಅಂಗಡಿ ನಡೆಸಿದ ಹಿರಿಯರು, ಅವನು ಎಷ್ಟು ಹೊತ್ತು ಗಲ್ಲಾದ ಮುಂದೆ ಕೂತ ಎಂದು ನೋಡಲು ಸಾಧ್ಯವೇ ಇರಲಿಲ್ಲ. ಕಿರ್ದಿ ದಿನದಿನಕ್ಕೆ ಬರೆದಿದೆಯೇ, ಸರಕಿಗೂ ವಸೂಲಿಗೂ ತಾಳೆಯಾಗುತ್ತದೆಯೇ ಎಂದು ನೋಡುತ್ತಿದ್ದರು.

ಈ ವಿಷಯದಲ್ಲಿ ಒಳ್ಳೆಯ ಪರೀಕ್ಷೆ ನಡೆದದ್ದು ಚೀನಾದ ಶಾಂಘೈನಲ್ಲಿ. ಪ್ರವಾಸದ ಟಿಕೆಟ್, ಹೋಟೆಲ್ ಬುಕಿಂಗ್ ಮಾಡುವ ಸಿಟ್ರಿಪ್ ಕಂಪನಿ 2010ರ ಕೊನೆಯಲ್ಲಿ ತನ್ನ ಕಾಲ್ ಸೆಂಟರ್‌ನ 249 ಜನರನ್ನು ಹುಟ್ಟಿದ ತಾರೀಖಿನ ಮೇಲೆ ಎರಡು ಭಾಗ ಮಾಡಿತು. ಸಮಸಂಖ್ಯೆಯ ತಾರೀಖಿನವರು ವಾರಕ್ಕೆ ನಾಲ್ಕು ದಿನ ಮನೆಯಿಂದ, ಉಳಿದವರು ಪೂರ್ತಿ ಆಫೀಸಿನಿಂದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಒಂಬತ್ತು ತಿಂಗಳು ಲೆಕ್ಕ ಹಿಡಿದರು. ಮನೆಯಲ್ಲಿದ್ದವರ ಕೆಲಸ ಶೇಕಡಾ 13ರಷ್ಟು ಹೆಚ್ಚಿತ್ತು. ಕೆಲಸ ಬಿಟ್ಟು ಹೋಗುವವರು ಸುಮಾರು ಅರ್ಧಕ್ಕೆ ಇಳಿದರು. ಆದರೆ ಇನ್ನೊಂದು ಸಂಗತಿಯೂ ಹೊರಬಂತು. ಸಮನಾದ ಕೆಲಸಕ್ಕೆ ಹೋಲಿಸಿದರೆ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತ್ತು. ಹೆಚ್ಚು ದುಡಿದೂ ಹಿಂದೆ ಉಳಿದರು. ಪರೀಕ್ಷೆ ಮುಗಿದ ಮೇಲೆ ಅವರವರ ಇಷ್ಟಕ್ಕೆ ಬಿಟ್ಟಾಗ, ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಆಫೀಸಿಗೇ ಮರಳಿದರು. ಒಂಟಿತನ ಅದಕ್ಕೆ ಒಂದು ಕಾರಣ. ಹೀಗೆ ಆರಿಸಿಕೊಳ್ಳಲು ಬಿಟ್ಟ ನಂತರ ಮನೆಗೆಲಸದ ಲಾಭ ಶೇಕಡಾ 22ಕ್ಕೆ ಏರಿತು. ಎಲ್ಲರಿಗೂ ಒಂದೇ ಅಪ್ಪಣೆ ಹೊರಡಿಸುವ ಮುಖ್ಯಸ್ಥರು ಈ ಅಂಕಿಯನ್ನು ನೋಡಬೇಕು.

ಟ್ರಿಪ್.ಕಾಮ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ 2021-22ರಲ್ಲಿ 1,612 ಪದವೀಧರ ನೌಕರರ ಮೇಲೆ ಹೈಬ್ರಿಡ್ ಪರೀಕ್ಷೆ ನಡೆಸಿತು. ಬುಧವಾರ ಮತ್ತು ಶುಕ್ರವಾರ ಮಾತ್ರ ಮನೆ. ಕೆಲಸದಲ್ಲೂ ಬಡ್ತಿಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಕೆಲಸ ಬಿಡುವವರ ಸಂಖ್ಯೆ ಮೂರನೇ ಒಂದು ಭಾಗ ಇಳಿಯಿತು. ಮೊದಲು ಮುಖ್ಯಸ್ಥರು ಕೆಲಸ ಶೇಕಡಾ 2.6ರಷ್ಟು ಕಡಿಮೆಯಾದೀತು ಎಂದು ಅಂದಾಜಿಸಿದ್ದರು. ಮುಗಿದ ಮೇಲೆ ಅವರೇ ಶೇಕಡಾ 1ರಷ್ಟು ಹೆಚ್ಚಿದೆ ಎಂದರು. ಅಳುಕು ಇದ್ದದ್ದು ಹೆಚ್ಚಾಗಿ ಮೇಲಿನವರ ಮನಸ್ಸಿನಲ್ಲಿ.

ಹಾಗಾದರೆ ಮುಖ್ಯಸ್ಥರು ಮಾಡಬೇಕಾದದ್ದೇನು? ಮೊದಲನೆಯದು ಬರವಣಿಗೆ. ಆಫೀಸಿನಲ್ಲಿ ಚಹಾ ಕುಡಿಯುತ್ತಾ ಆದ ತೀರ್ಮಾನ ಮನೆಯಲ್ಲಿದ್ದವರಿಗೆ ತಲುಪುವುದಿಲ್ಲ. ಅದನ್ನು ಅಂದೇ ಬರೆದು ಎಲ್ಲರಿಗೂ ಕಳಿಸಬೇಕು. ಆಫೀಸಿನ ಮೇಲೆ ಆಧಾರಪಡದೆ ಹಲವು ದೇಶಗಳ ಜನರಿಂದ ನಡೆಯುವ ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿ ತನ್ನ ಕಾರ್ಯಪದ್ಧತಿಯನ್ನೆಲ್ಲ ಒಂದು ಕೈಪಿಡಿಯಲ್ಲಿ ಬರೆದು, ಹೊರಗಿನವರೂ ಓದುವಂತೆ ಇಂಟರ್‌ನೆಟ್‌ನಲ್ಲಿ ಇಟ್ಟಿದೆ. ಮೀಟಿಂಗ್‌ನಲ್ಲಿ ಒಬ್ಬರಾದರೂ ಮನೆಯಿಂದ ಸೇರಿದ್ದರೆ ಉಳಿದವರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಿಂದ ಸೇರುವುದು ಲೇಸು. ಇಲ್ಲವಾದರೆ ಕೋಣೆಯಲ್ಲಿದ್ದವರ ಮಾತೇ ನಡೆಯುತ್ತದೆ. ಬಡ್ತಿಯ ಪಟ್ಟಿ ಮಾಡುವಾಗ ಮುಖ ನೆನಪಿಗೆ ಬಂದವರನ್ನಲ್ಲ, ವರ್ಷದ ಕೆಲಸದ ದಾಖಲೆಯನ್ನು ಮುಂದಿಟ್ಟುಕೊಳ್ಳಬೇಕು. ಕ್ಯಾಮೆರಾ ಸದಾ ಆನ್ ಇರಲಿ, ಮೌಸ್ ಅಲುಗಾಡುತ್ತಿರಲಿ ಎಂದು ಕಾವಲು ಕೂರುವುದರಿಂದ ಸಿಗುವುದು ಅಲುಗಾಡುವ ಮೌಸ್ ಮಾತ್ರ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು ಹೊತ್ತಿನದು. ಲಂಡನ್‌ನಲ್ಲಿ ಚಳಿಗಾಲದ ಮಧ್ಯಾಹ್ನ 12 ಗಂಟೆ ಎಂದರೆ ಇಲ್ಲಿ ಸಂಜೆ 5.30. ನವೆಂಬರ್, ಡಿಸೆಂಬರ್‌ನಲ್ಲಿ ಕರ್ನಾಟಕದಲ್ಲಿ ಆರರ ಆಸುಪಾಸಿಗೆ ಸೂರ್ಯಾಸ್ತ. ರಾತ್ರಿ ಭೋಜನ ತ್ಯಾಗ ಪಾಲಿಸುವವರಿಗೆ ಊಟಕ್ಕೆ ಉಳಿಯುವುದು ಅದೇ ಅರ್ಧ ಗಂಟೆ. ನ್ಯೂಯಾರ್ಕ್‌ನ ಬೆಳಿಗ್ಗೆ 9 ಗಂಟೆ ಬೇಸಿಗೆಯಲ್ಲಿ ನಮಗೆ 6.30, ಅದೂ ಊಟದ ಹೊತ್ತೇ. ಎಷ್ಟೋ ಮಕ್ಕಳು ಹೇಳಲು ಸಂಕೋಚಪಟ್ಟು ಒಂದೋ ಉಪವಾಸ ಮಲಗುತ್ತಾರೆ, ಇಲ್ಲವೇ ನಿಯಮವನ್ನೇ ಬಿಡುತ್ತಾರೆ. ಕ್ಯಾಲೆಂಡರ್‌ನಲ್ಲಿ ಆ ಅರ್ಧ ಗಂಟೆಯನ್ನು ಮೊದಲೇ ಕಾದಿರಿಸಿ ತಂಡಕ್ಕೆ ಕಾರಣ ತಿಳಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಮುಖ್ಯಸ್ಥರೇ ನಮ್ಮವರಾಗಿದ್ದರೆ ರಂಜಾನ್ ಉಪವಾಸದವರಿಗೂ ಹಾಲುಣಿಸುವ ತಾಯಂದಿರಿಗೂ ಇದೇ ಅನುಕೂಲ ಮಾಡಿಕೊಡುವುದು ಅವರ ಕೈಯಲ್ಲೇ ಇದೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆಯೂ, ಕೆಲಸದ ಸ್ವರೂಪ ಒಪ್ಪುವುದಾದರೆ, ರಜೆ ಮುಗಿದ ನಂತರ ಇಬ್ಬರ ಒಪ್ಪಿಗೆಯಿಂದ ಮನೆಯಿಂದ ಕೆಲಸ ಮಾಡಲು ಅವಕಾಶ ಕೊಟ್ಟಿತ್ತು.

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವ, ಅದಕ್ಕೆ ಮೊದಲು ಬರುವ ಶ್ವೇತಾಂಬರರ ಎಂಟು ದಿನಗಳ ಪರ್ಯುಷಣ, ಇವುಗಳ ತಾರೀಖು ಪಂಚಾಂಗದಲ್ಲಿ ಮೊದಲೇ ಸಿಗುತ್ತದೆ. ಏಕಾಶನವೋ ಉಪವಾಸವೋ ಮಾಡುವವರು ಆ ವಾರದ ಆಫೀಸ್ ದಿನಗಳನ್ನು ಮನೆ ದಿನಗಳಿಗೆ ಬದಲಿಸಿಕೊಳ್ಳಲು ಒಂದು ತಿಂಗಳು ಮುಂಚೆಯೇ ಬರೆದು ಕೇಳುವುದು ಒಳ್ಳೆಯದು. ಹಿಂದಿನ ದಿನ ಫೋನಿನಲ್ಲಿ ಕೇಳಿದರೆ ಬದಲಿ ವ್ಯವಸ್ಥೆ ಮಾಡಲು ಯಾರಿಗೂ ಸಮಯ ಇರುವುದಿಲ್ಲ.