ಕಡ್ಡಾಯ ಮತದಾನ: ಆಸ್ಟ್ರೇಲಿಯದ ಅನುಭವ

ಮತದಾನವು ಪ್ರಜೆಯ ಹಕ್ಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಹಕ್ಕನ್ನು ಚಲಾಯಿಸದಿರುವುದು ಕರ್ತವ್ಯಲೋಪವೇ, ಅದನ್ನು ದಂಡಿಸುವ ಅಧಿಕಾರ ರಾಜ್ಯಕ್ಕೆ ಉಂಟೇ ಎಂಬ ಪ್ರಶ್ನೆ ಹಳೆಯದು. ಬೆಲ್ಜಿಯಂ ದೇಶವು 1893ರಲ್ಲಿಯೇ ಮತದಾನವನ್ನು ಕಡ್ಡಾಯಗೊಳಿಸಿತು. ಆದರೂ ಈ ಪದ್ಧತಿಯ ಗುಣದೋಷಗಳನ್ನು ಅರಿಯಲು ಆಸ್ಟ್ರೇಲಿಯದ ಇತಿಹಾಸವೇ ಹೆಚ್ಚು ಸಹಾಯಕವಾದುದು.

ಅಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವುದು 1911ರಲ್ಲಿ ಕಡ್ಡಾಯವಾಯಿತು. ಕ್ವೀನ್ಸ್‌ಲೆಂಡ್ ರಾಜ್ಯವು 1914ರ ಕಾಯದೆಯಿಂದ ಮತದಾನವನ್ನೇ ಕಡ್ಡಾಯ ಮಾಡಿತು. ಕಾರ್ಮಿಕ ಸಂಘಗಳು ತಮ್ಮವರನ್ನು ಮತಗಟ್ಟೆಗೆ ಕರೆತರುವ ಸಾಮರ್ಥ್ಯಕ್ಕೆ ಅಂಜಿದ ಡೆನ್‌ಹ್ಯಾಮ್ ಸರ್ಕಾರವು ಈ ಕಾಯದೆಯನ್ನು ತಂದಿತ್ತು. ವಿಪರ್ಯಾಸವೆಂದರೆ 1915ರ ಚುನಾವಣೆಯಲ್ಲಿ ಆ ಸರ್ಕಾರವೇ ಸೋತು, ಕಾರ್ಮಿಕ ಪಕ್ಷವು ಅಧಿಕಾರಕ್ಕೆ ಬಂದಿತು. 1922ರ ರಾಷ್ಟ್ರೀಯ ಚುನಾವಣೆಯಲ್ಲಿ ಮತದಾನವು ಶೇಕಡ 60ಕ್ಕಿಂತ ಕೆಳಗಿಳಿದಾಗ, ಟಾಸ್ಮೇನಿಯದ ಸೆನೆಟರ್ ಹರ್ಬರ್ಟ್ ಪೇನ್ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. 1924ರಲ್ಲಿ ಅದು ಎರಡೂ ಸದನಗಳಲ್ಲಿ ಮತಗಣನೆಯ ಅಗತ್ಯವೂ ಬೀಳದೆ ಅಂಗೀಕೃತವಾಯಿತು. ಮರುವರ್ಷದ ಚುನಾವಣೆಯಲ್ಲಿ ಶೇಕಡ 91ಕ್ಕೂ ಹೆಚ್ಚು ಮಂದಿ ಮತ ಚಲಾಯಿಸಿದರು.

ಆದರೆ ಸಂಖ್ಯೆಯೊಂದೇ ಪ್ರಜಾಪ್ರಭುತ್ವದ ಅಳತೆಗೋಲಲ್ಲ. ಆ ಚುನಾವಣೆಯಲ್ಲಿ ಜಡ್ ಎಂಬ ಸಮಾಜವಾದಿಯು, ಅಭ್ಯರ್ಥಿಗಳೆಲ್ಲರೂ ಬಂಡವಾಳಶಾಹಿಯ ಪರವಾಗಿರುವುದರಿಂದ ಯಾರಿಗೂ ಮತ ನೀಡಲಾರೆನೆಂದು ದೂರ ಉಳಿದನು. 1926ರಲ್ಲಿ ಅಲ್ಲಿಯ ಉಚ್ಚತಮ ನ್ಯಾಯಾಲಯವು ಇದು ಸಮರ್ಪಕ ಕಾರಣವಲ್ಲವೆಂದು ತೀರ್ಪಿತ್ತಿತು. ನ್ಯಾಯಮೂರ್ತಿ ಹಿಗಿನ್ಸ್ ಅವರು ಮಾತ್ರ ಭಿನ್ನಮತ ದಾಖಲಿಸಿದರು. ಮತದಾನದಿಂದ ದೂರವಿರುವುದು ತನ್ನ ಧಾರ್ಮಿಕ ಕರ್ತವ್ಯವೆಂದು ನಂಬುವವನಿಗೆ ಇಂದಿನ ಕಾಯದೆಯು ವಿನಾಯಿತಿ ನೀಡುತ್ತದೆ. ರಾಜಕೀಯ ಅಂತಃಸಾಕ್ಷಿಗೆ ಅಂಥ ಸ್ಪಷ್ಟ ರಕ್ಷಣೆಯಿಲ್ಲ. ಮತವು ಗುಪ್ತವಾದುದರಿಂದ ಖಾಲಿ ಚೀಟಿಯನ್ನು ಹಾಕಿ ಬರುವವನನ್ನು ತಡೆಯುವಂತೆಯೂ ಇಲ್ಲ. 2019ರಲ್ಲಿ ಕೆಳಮನೆಯ ಚುನಾವಣೆಯ ಮತಗಳಲ್ಲಿ ಶೇಕಡ 5.5ರಷ್ಟು ಅಸಿಂಧುವಾದವು. ದಂಡವು ಪ್ರಜೆಯನ್ನು ಮತಗಟ್ಟೆಯವರೆಗೆ ಕರೆತರಬಲ್ಲದು. ವಿವೇಚನೆಯನ್ನು ಅವನೇ ತರಬೇಕು.

ಇನ್ನೂ ಗಂಭೀರವಾದ ಸಂಗತಿಯೊಂದುಂಟು. ಎಲ್ಲರೂ ಮತ ನೀಡಲೇಬೇಕೆಂದ ಆ ರಾಷ್ಟ್ರದಲ್ಲಿ ‘ಎಲ್ಲರೂ’ ಎಂಬ ಮಾತಿನ ವ್ಯಾಪ್ತಿ ಕಿರಿದಾಗಿತ್ತು. 1902ರ ಕಾಯದೆಯು ಆ ನೆಲದ ಮೂಲನಿವಾಸಿಗಳನ್ನೂ ಏಷ್ಯ, ಆಫ್ರಿಕ ಮೂಲದವರನ್ನೂ, ಕೆಲವರನ್ನು ಬಿಟ್ಟು, ಮತದಾನದಿಂದ ಹೊರಗಿಟ್ಟಿತ್ತು. 1922ರಲ್ಲಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಅಲ್ಲಿ ಪ್ರವಾಸ ಮಾಡಿ, ನೆಲೆಸಿದ್ದ ಭಾರತೀಯರ ಪರವಾಗಿ ವಾದಿಸಿದರು. ಬ್ರಿಟಿಷ್ ಭಾರತದಲ್ಲಿ ಜನಿಸಿದವರಿಗೆ 1925ರಲ್ಲಿ ಮತಾಧಿಕಾರ ದೊರೆಯಿತು. ಮೂಲನಿವಾಸಿಗಳೆಲ್ಲರಿಗೂ ರಾಷ್ಟ್ರೀಯ ಚುನಾವಣೆಗಳಲ್ಲಿ ಆ ಹಕ್ಕು ಲಭಿಸಿದ್ದು 1962ರಲ್ಲಿ. ಅವರು ಇತರರಂತೆಯೇ ಕಡ್ಡಾಯ ನಿಯಮಕ್ಕೆ ಒಳಪಟ್ಟದ್ದು 1984ರಲ್ಲಿ. ಕರ್ತವ್ಯದ ಹೆಸರಿನಲ್ಲಿ ಪ್ರಜೆಯನ್ನು ದಂಡಿಸುತ್ತಿದ್ದ ರಾಜ್ಯವು ತನ್ನ ಮೊದಲ ಕರ್ತವ್ಯವನ್ನೇ ಆರು ದಶಕಗಳ ಕಾಲ ಮರೆತಿತ್ತು.

ಹಾಗೆಂದು ಈ ಪದ್ಧತಿಯಿಂದ ಒಳಿತಾಗಲಿಲ್ಲವೆನ್ನಲಾಗದು. ಮತದಾನವನ್ನು ಕಡ್ಡಾಯ ಮಾಡಿದ ರಾಜ್ಯವು ಅದನ್ನು ಸುಲಭವನ್ನೂ ಮಾಡಬೇಕಾಯಿತು. ಶನಿವಾರದ ಮತದಾನ, ಅಂಚೆಯ ಮತ, ಆಸ್ಪತ್ರೆಗಳಿಗೂ ದೂರದ ವಸತಿಗಳಿಗೂ ಹೋಗುವ ಸಂಚಾರಿ ಮತಗಟ್ಟೆಗಳು ಅಲ್ಲಿ ರೂಢಿಯಲ್ಲಿವೆ. ದುಡಿಯುವವನೂ ರೋಗಿಯೂ ವೃದ್ಧನೂ ಲೆಕ್ಕಕ್ಕೆ ಬರುತ್ತಾರೆ. ಅವರನ್ನು ಕಡೆಗಣಿಸುವ ಧೈರ್ಯ ಪಕ್ಷಗಳಿಗಿರದು.

ನೆದರ್‌ಲೆಂಡ್ಸ್ 1917ರಿಂದ ಜಾರಿಯಲ್ಲಿದ್ದ ಕಡ್ಡಾಯವನ್ನು 1970ರಲ್ಲಿ ಕೈಬಿಟ್ಟಿತು. ಮುಂದಿನ ಚುನಾವಣೆಯಲ್ಲಿ ಮತದಾನವು ಸುಮಾರು ಶೇಕಡ 95ರಿಂದ 79ಕ್ಕೆ ಇಳಿಯಿತು. ಅರ್ಧ ಶತಮಾನದ ನಿರ್ಬಂಧವೂ ಎಲ್ಲರಲ್ಲಿ ಸ್ವಯಂಪ್ರೇರಣೆಯನ್ನು ಬೆಳೆಸಿರಲಿಲ್ಲ. ಭಾರತದಲ್ಲಿ 2015ರಲ್ಲಿ ಕಾನೂನು ಆಯೋಗವು ಇಂಥ ಕಡ್ಡಾಯವು ಬೇಡವೆಂದು ಅಭಿಪ್ರಾಯಪಟ್ಟಿತು. ದಂಡವಿಲ್ಲದ ನಾಡಿನಲ್ಲಿ ಹೊಣೆಯು ಕಡಿಮೆಯಾಗುವುದಿಲ್ಲ. ಅದು ಕಾನೂನಿನ ಕೈಯಿಂದ ಪ್ರಜೆಯ ಮನಸ್ಸಿಗೆ ವರ್ಗಾವಣೆಯಾಗುತ್ತದೆ. ಪ್ರತಿಯೊಬ್ಬ ಪ್ರಜೆಗೂ ಮತಗಟ್ಟೆಯ ಬಾಗಿಲು ತೆರೆದಿಡುವ ಹೊಣೆಯು ಮಾತ್ರ ರಾಜ್ಯದ ಮೇಲೆಯೇ ಉಳಿಯುತ್ತದೆ.