ಕಾರಿನ ಹೊಳಪಿನ ಹಿಂದೆ ಒಣನಾಡಿನ ಮರ

ಕಾರು ತೊಳೆಯಲು ಒಂದು ಬಕೆಟ್ ನೀರು, ಹಳೆಯ ಪಂಚೆಯ ತುಂಡು, ಒಂದು ಹಿಡಿ ಬಟ್ಟೆ ಸೋಪಿನ ಪುಡಿ ಇದ್ದರೆ ಸಾಕು ಎನ್ನುವವರು ಇಂದಿಗೂ ಇದ್ದಾರೆ. ಬಿಡಿಭಾಗಗಳ ಅಂಗಡಿಗೆ ಹೋದರೆ ಕಾಣುವುದೇ ಬೇರೆ. ಶಾಂಪೂ, ಪಾಲಿಷ್, ವ್ಯಾಕ್ಸ್, ಚರ್ಮದ ಹಾಳೆ, ಮೈಕ್ರೊಫೈಬರ್ ಬಟ್ಟೆ ಎಂದು ಕಪಾಟು ತುಂಬ ಸರಕು. ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಅರಿಯಲು ಕಾರಿನ ಬಣ್ಣ ನಡೆದು ಬಂದ ದಾರಿಯನ್ನು ನೋಡಬೇಕು. ಏಕೆಂದರೆ ಇವುಗಳಲ್ಲಿ ಹಲವು ಆಯಾ ಕಾಲದ ಬಣ್ಣದ ರೋಗಕ್ಕೆ ಹುಟ್ಟಿದ ಮದ್ದುಗಳು.

ಮೊದಲ ಕಾರುಗಳಿಗೆ ಬಣ್ಣ ಬಳಿದದ್ದು ಕುದುರೆ ಸಾರೋಟಿನ ಕ್ರಮದಲ್ಲಿ. ಎಣ್ಣೆ ಬಣ್ಣ, ಅದರ ಮೇಲೆ ವಾರ್ನಿಷ್. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಹೀಗೆ ಒಂದು ಗಾಡಿ ಸಿದ್ಧವಾಗಲು ವಾರಗಳೇ ಹಿಡಿಯುತ್ತಿದ್ದವು. ಬಿಸಿಲು-ಮಳೆಗೆ ಸಿಕ್ಕ ವಾರ್ನಿಷ್ ಬೇಗ ಹಳದಿಗಟ್ಟಿ ಬಿರಿಯುತ್ತಿತ್ತು. ಫೋರ್ಡ್ ಕಂಪೆನಿಯ 'ಮಾಡೆಲ್ ಟಿ' ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಬಣ್ಣ ಕಾಪಾಡುವ ಸಾಮಗ್ರಿಗಳ ವ್ಯಾಪಾರ ಬೆಳೆದದ್ದೂ ಆ ದಿನಗಳಲ್ಲೇ. ಶಿಕಾಗೋದಲ್ಲಿ 1910ರಲ್ಲಿ ಆರಂಭವಾದ ಸೈಮನೈಜ್ ಕಂಪೆನಿಯ ಹೆಸರು ಎಷ್ಟು ಜನಪ್ರಿಯವಾಯಿತೆಂದರೆ, ಇಂಗ್ಲಿಷಿನಲ್ಲಿ ಕಾರಿಗೆ ಹೊಳಪು ಕೊಡುವುದಕ್ಕೇ ಅದು ಕ್ರಿಯಾಪದವಾಯಿತು.

1923ರಲ್ಲಿ ಚಿತ್ರ ಬದಲಾಯಿತು. ಜನರಲ್ ಮೋಟಾರ್ಸ್ ತನ್ನ ಓಕ್‌ಲೆಂಡ್ ಕಾರಿಗೆ ಡ್ಯುಪಾಂಟ್ ಕಂಪೆನಿಯ 'ಡ್ಯೂಕೊ' ಎಂಬ ನೈಟ್ರೊಸೆಲ್ಯುಲೋಸ್ ಬಣ್ಣವನ್ನು ಬಳಸಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನೀಲಿ, ಹಸಿರು, ಕೆಂಪು ಕಾರುಗಳು ಬೀದಿಗಿಳಿದವು. ನಮ್ಮ ಗ್ಯಾರೇಜುಗಳಲ್ಲಿ, ಮರಗೆಲಸದ ಅಂಗಡಿಗಳಲ್ಲಿ ಈಗಲೂ ಕೇಳಿಬರುವ 'ಡ್ಯೂಕೊ ಪೇಂಟ್' ಎಂಬ ಮಾತಿನ ಮೂಲ ಇದೇ.

ಈ ಬಣ್ಣಕ್ಕೂ ಒಂದು ದೋಷವಿತ್ತು. ಬಿಸಿಲಿಗೆ ಅದರ ಮೇಲ್ಮೈ ಸತ್ತು, ಕೈಯಿಟ್ಟರೆ ಸುಣ್ಣದಂತೆ ಪುಡಿ ಅಂಟುತ್ತಿತ್ತು. ಆ ಸತ್ತ ಪದರವನ್ನು ನುಣ್ಣನೆಯ ಪುಡಿ ಬೆರೆಸಿದ ಪಾಲಿಷ್‌ನಿಂದ ಉಜ್ಜಿ ತೆಗೆಯಬೇಕಿತ್ತು. ಕೆಳಗಿನ ಹೊಸ ಪದರಕ್ಕೆ ಮೇಣ ಹಚ್ಚಿ ಕಾಪಾಡಬೇಕಿತ್ತು. ಪಾಲಿಷ್ ಸವೆಸುತ್ತದೆ, ವ್ಯಾಕ್ಸ್ ಮುಚ್ಚುತ್ತದೆ. ಇವೆರಡೂ ಒಂದೇ ಎಂದು ತಿಳಿದು ಕೊಳ್ಳುವವರು ಮೋಸ ಹೋಗುವುದು ಇಲ್ಲಿಯೇ.

ಮೇಣಗಳಲ್ಲಿ ಹೆಸರಾದದ್ದು ಕಾರ್ನೌಬ. ಬ್ರೆಜಿಲ್ ದೇಶದ ಈಶಾನ್ಯದ ಒಣಪ್ರದೇಶಗಳಾದ ಸಿಯಾರಾ, ಪಿಯಾವಿಗಳಲ್ಲಿ ಬೆಳೆಯುವ ತಾಳೆಜಾತಿಯ ಮರವಿದು. ಬೇಸಿಗೆಯಲ್ಲಿ ನೀರು ಆರಿಹೋಗದಂತೆ ತಡೆಯಲು ಮರ ತನ್ನ ಎಲೆಗಳ ಮೇಲೆ ಮೇಣದ ಹೊದಿಕೆ ಹೊದೆಯುತ್ತದೆ. ಎಲೆಗಳನ್ನು ಕೊಯ್ದು, ಒಣಗಿಸಿ, ಬಡಿದರೆ ಅದು ಪುಡಿಯಾಗಿ ಉದುರುತ್ತದೆ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಕಾರ್ನೌಬ ಕರಗಲು 80 ಡಿಗ್ರಿ ದಾಟಬೇಕು. ಬಿಸಿಲಲ್ಲಿ ನಿಂತ ಕಾರಿಗೆ ಇದು ಒಗ್ಗಿದ್ದು ಅದಕ್ಕೇ.

ಒರೆಸುವ ಬಟ್ಟೆಗೂ ಚರಿತ್ರೆಯಿದೆ. ಯುರೋಪಿನ ಬೆಟ್ಟಗಳಲ್ಲಿ ವಾಸಿಸುವ, ಮೇಕೆಯನ್ನು ಹೋಲುವ ಶಾಮೋಯ್ ಎಂಬ ಪ್ರಾಣಿಯ ಮೆದು ಚರ್ಮ ಮೊದಲು ಬಳಕೆಯಲ್ಲಿತ್ತು. ಮುಂದೆ ಮೀನೆಣ್ಣೆಯಲ್ಲಿ ಹದಮಾಡಿದ ಕುರಿಚರ್ಮಕ್ಕೂ ಅದೇ ಹೆಸರು ಅಂಟಿತು. 1970ರಲ್ಲಿ ಜಪಾನಿನ ತೋರೆ ಕಂಪೆನಿ ಅತಿ ತೆಳು ಎಳೆಗಳಿಂದ ಕೃತಕ ಚರ್ಮವನ್ನು ತಯಾರಿಸಿತು. ಅಂಥದೇ ಸೂಕ್ಷ್ಮ ಎಳೆಗಳ ಬಟ್ಟೆ ಇಂದಿನ ಮೈಕ್ರೊಫೈಬರ್. ಅದು ನೀರು ಹೀರುವುದಲ್ಲದೆ, ಧೂಳಿನ ಕಣಗಳನ್ನು ಎಳೆಗಳ ನಡುವೆ ಹಿಡಿದಿಡುತ್ತದೆ. ಪಂಚೆಯ ತುಂಡು ಅದೇ ಕಣಗಳನ್ನು ಬಣ್ಣದ ಮೇಲೆಲ್ಲ ಎಳೆದಾಡಿ ಗೀರು ಮೂಡಿಸುತ್ತದೆ.

1980ರ ದಶಕದಿಂದೀಚೆಗೆ ಬಣ್ಣದ ಮೇಲೆ ಪಾರದರ್ಶಕವಾದ 'ಕ್ಲಿಯರ್ ಕೋಟ್' ಬಳಿಯುವುದು ಹೆಚ್ಚಾಯಿತು. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ಹೆಚ್ಚೇನಿಲ್ಲ. ಇಂಥ ಕಾರಿಗೆ ತಿಂಗಳು ತಿಂಗಳೂ ಪಾಲಿಷ್ ಉಜ್ಜಿದರೆ ಹೊಳಪಿನ ಜೊತೆಗೆ ರಕ್ಷಣೆಯೂ ಸವೆಯುತ್ತದೆ. ಅದಕ್ಕೆ ಮೃದುವಾದ ಶಾಂಪೂ, ಮೈಕ್ರೊಫೈಬರ್ ಬಟ್ಟೆ, ಆಗಾಗ ತೆಳುವಾದ ವ್ಯಾಕ್ಸ್ ಸಾಕು. ಗೀರು ಬಿದ್ದಾಗ ಮಾತ್ರ ಪಾಲಿಷ್. ಭಾರತಕ್ಕೆ 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದ ಮೇಲೆ ಸೋಪಿನ ಪುಡಿ ಮನೆಮಾತಾಯಿತು. ಆದರೆ ಬಟ್ಟೆಯ ಜಿಡ್ಡು ಬಿಡಿಸುವ ಅದರ ಕ್ಷಾರಗುಣ ಕಾರಿನ ಮೇಣವನ್ನೂ ಬಿಡಿಸುತ್ತದೆ.

ಉಳಿದದ್ದು ನೀರಿನ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ನೀರಿನ ಬವಣೆ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಕೊಳವೆಬಾವಿಯ ಗಡಸು ನೀರಾದರೋ, ತಾನಾಗಿ ಆರಲು ಬಿಟ್ಟರೆ ಬಿಳಿ ಕಲೆ ಉಳಿಸುತ್ತದೆ; ನೆರಳಿನಲ್ಲಿ ತೊಳೆದು, ಕೂಡಲೇ ಒರೆಸುವುದು ಅನಿವಾರ್ಯ. ಮೇಣ ಹಚ್ಚಿದ ಮೈಗೆ ಕೊಳೆ ಅಷ್ಟಾಗಿ ಅಂಟದು, ಅಂಟಿದರೂ ಸ್ವಲ್ಪ ನೀರಿಗೆ ಬಿಡುತ್ತದೆ. ಪೈಪು ಹಿಡಿದು ನೀರು ಹರಿಸುವ ಬದಲು ಎರಡು ಬಕೆಟ್‌ಗಳಲ್ಲಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ನೀರು ಇಟ್ಟುಕೊಂಡರೆ ಕೆಲಸ ಮುಗಿಯುತ್ತದೆ. ಒಣನಾಡಿನ ಮರ ನೀರುಳಿಸಲೆಂದು ಹೊದ್ದ ಮೇಣ, ನೀರಿಲ್ಲದ ಊರಿನ ಕಾರಿಗೂ ಅದೇ ಕೆಲಸಕ್ಕೆ ಬರಬಲ್ಲದು.